ಒಪ್ಪಿಗೆ ಪತ್ರವೂ ತತ್ವಶಾಸ್ತ್ರವೂ

ಕಳೆದ ತಿಂಗಳು ಒಂದು ದಿನ ಮೊದಲ ಪಾಳಿ ಮುಗಿಸಿಕೊಂಡು ಬಂದ ಗಿರಣಿ ಕೆಲಸಗಾರನೊಬ್ಬ ನಮ್ಮ ಪಕ್ಷದ ಕಚೇರಿಯ ಮೆಟ್ಟಿಲು ಹತ್ತಿದ. ತಲೆಯ ಮೇಲೆ ಹತ್ತಿಯ ಎಳೆ ಹಾಗೆಯೇ ಇತ್ತು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಮೇಲೆ ಇಂಗ್ಲೀಷು, ಕೆಳಗೆ ಎರಡು ಸಾಲು ಕನ್ನಡ. ಹೆಚ್ಚಿನ ಅವಧಿ ಕೆಲಸ ಮಾಡಲು ತಾನು ಸ್ವಂತ ಇಚ್ಛೆಯಿಂದ ಒಪ್ಪಿರುವುದಾಗಿ ಅದರಲ್ಲಿ ಬರೆದಿತ್ತು. ದಿನಾಂಕದ ಜಾಗ ಖಾಲಿ. ಎಷ್ಟು ಗಂಟೆ ಎಂಬ ಜಾಗವೂ ಖಾಲಿ. ಸಹಿ ಮಾತ್ರ ಸ್ಪಷ್ಟವಾಗಿತ್ತು.

"ಸಹಿ ನಂದೇ ಅಣ್ಣಾ. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಹಾಕದಿದ್ದರೆ ನಾಳೆಯಿಂದ ಬದಲಿಯವರ ಪಟ್ಟಿಯಲ್ಲೂ ನನ್ನ ಹೆಸರು ಇರೋದಿಲ್ಲ ಅಂತ ಗೊತ್ತಿತ್ತು, ಅಷ್ಟೆ. ಈಗ ನೀವೇ ಹೇಳಿ, ನಾನು ಒಪ್ಪಿದ್ದೋ, ಒಪ್ಪಲಿಲ್ಲವೋ?"

ಗಿರಣಿಯ ಹೆಸರನ್ನು ನಾವು ಇಲ್ಲಿ ಅಚ್ಚು ಹಾಕುವುದಿಲ್ಲ. ಹಾಕಿದರೆ ಅವನ ಹೆಸರನ್ನೂ ಹಾಕಿದಂತೆಯೇ. ಸಂಘದಲ್ಲಿ ಮಾತಾಡೋಣವೆಂದು ಹೇಳಿ, ಒಂದು ಲೋಟ ಚಹಾ ಕೊಟ್ಟು ಕಳಿಸಿದೆವು. ಅವನು ಮೆಟ್ಟಿಲಿಳಿದು ಹೋದ ಮೇಲೆ ನಮಗೇ ನಾಚಿಕೆಯಾಯಿತು. ಅವನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಹೆದರಿಕೆಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಎಂಬ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಂದ ದೊಡ್ಡ ದೊಡ್ಡ ಪಂಡಿತರು ಕೇಳುತ್ತ ಬಂದಿದ್ದಾರೆ. ವಿಶ್ವವಿದ್ಯಾನಿಲಯಗಳಲ್ಲಿ ಅದಕ್ಕೆ ಪೀಠಗಳಿವೆ, ಪರೀಕ್ಷೆಗಳಿವೆ, ಅಂಕಗಳಿವೆ. ಆದರೆ ಆ ಪಂಡಿತರ ಗ್ರಂಥ ಈ ಕೆಲಸಗಾರನ ಕೈಗೆ ಬಂದಿಲ್ಲ; ಈ ಕೆಲಸಗಾರನ ಕಾಗದ ಆ ಪಂಡಿತರ ಮೇಜಿಗೆ ಹೋಗಿಲ್ಲ. ಈ ವಾರ ಇದರ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ತತ್ವಶಾಸ್ತ್ರವೆಂದೊಡನೆ ಪುಟ ಮಗುಚುವ ವಾಚಕರು ದಯಮಾಡಿ ಸ್ವಲ್ಪ ತಾಳಬೇಕು.

ಮೊದಲು ಕಾಯಿದೆಯ ಮಾತು. 1948ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂದು ಮಿತಿ ಹಾಕಿತ್ತು. ಅದಕ್ಕೆ ಎರಡು ವರ್ಷ ಮೊದಲು, 1946ರ ತಿದ್ದುಪಡಿಯಲ್ಲಿ, ವಾರದ ಮಿತಿ 54 ಗಂಟೆಯಿಂದ 48ಕ್ಕೆ ಇಳಿದಿತ್ತು. ಆ ಇಳಿಕೆಗೆ ದಾರಿ ಮಾಡಿದವರಲ್ಲಿ, ಆಗ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಅಂಬೇಡ್ಕರರು ಮುಖ್ಯರು. 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಆ ಕಾಯಿದೆಯನ್ನು ತಿದ್ದಿ, ವಾರಕ್ಕೆ 48 ಗಂಟೆಯೆಂಬುದನ್ನು ಹಾಗೆಯೇ ಬಿಟ್ಟು, ದಿನಕ್ಕೆ 12 ಗಂಟೆಯವರೆಗೂ ದುಡಿಸಿಕೊಳ್ಳಲು ಬಾಗಿಲು ತೆರೆಯಿತು. ಅದಕ್ಕೆ ಹಾಕಿದ ಷರತ್ತು ಏನು? ಕೆಲಸಗಾರನ ಲಿಖಿತ ಒಪ್ಪಿಗೆ! 2025ರ ನವೆಂಬರ್ 21ರಂದು ಕೇಂದ್ರ ಸರಕಾರ ಜಾರಿಗೆ ತಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿಯೂ ಈ ಪದ ಕುಳಿತಿದೆ. ಕೆಲಸಗಾರ ಒಪ್ಪಿದರೆ ಹೆಚ್ಚಿನ ಅವಧಿಯ ಕೆಲಸ. ಹೆಂಗಸು ಒಪ್ಪಿದರೆ ಸಂಜೆ 7ರ ನಂತರ, ಬೆಳಗಿನ 6ಕ್ಕೆ ಮೊದಲು ಕೆಲಸ.

ಹಿಂದೆ ಕಾಯಿದೆ ಮಾಲೀಕನಿಗೆ "ಇಷ್ಟಕ್ಕಿಂತ ಹೆಚ್ಚು ಕೂಡದು" ಎನ್ನುತ್ತಿತ್ತು. ಈಗ ಕೆಲಸಗಾರನ ಕಡೆ ತಿರುಗಿ "ನೀನು ಒಪ್ಪಿದೆಯಲ್ಲವೇ?" ಎನ್ನುತ್ತದೆ. ಮಾಲೀಕನ ತಲೆಯ ಮೇಲಿದ್ದ ಭಾರ ಜಾರಿ ಸಹಿಯ ರೂಪದಲ್ಲಿ ಕೂಲಿಯವನ ತಲೆಯ ಮೇಲೆ ಬಂದು ಕೂತಿದೆ. ಇಷ್ಟು ದೊಡ್ಡ ಕೆಲಸ ಮಾಡುತ್ತಿರುವ ಒಂದು ಪದದ ಹೊಟ್ಟೆಯಲ್ಲಿ ಏನಿದೆಯೆಂದು ನೋಡದೆ ಬಿಡುವುದು ಸರಿಯೇ?

ಗ್ರೀಸ್ ದೇಶದ ಅರಿಸ್ಟಾಟಲ್ ಎಂಬ ಪಂಡಿತ ಇದನ್ನು ನೋಡಿದ್ದ. ಅವನು ತೆಗೆದುಕೊಂಡ ಉದಾಹರಣೆ ವ್ಯಾಪಾರಿಯ ಹಡಗಿನದು. ಬಿರುಗಾಳಿ ಎದ್ದಿದೆ, ಹಡಗು ಮುಳುಗುತ್ತಿದೆ, ಜೀವ ಉಳಿಯಬೇಕಾದರೆ ಸರಕನ್ನು ಸಮುದ್ರಕ್ಕೆ ಎಸೆಯಬೇಕು. ಎಸೆಯುವವನು ತನ್ನ ಕೈಯಿಂದಲೇ ಎಸೆಯುತ್ತಾನೆ. ಆದರೆ ಬುದ್ಧಿ ನೆಟ್ಟಗಿರುವ ಯಾವನೂ ಸುಮ್ಮಸುಮ್ಮನೆ ತನ್ನ ಮಾಲನ್ನು ನೀರಿಗೆ ಹಾಕುವುದಿಲ್ಲ. ಹಾಗಾದರೆ ಇದು ಇಚ್ಛೆಯಿಂದ ಮಾಡಿದ್ದೋ, ಇಚ್ಛೆಯಿಲ್ಲದೆ ಮಾಡಿದ್ದೋ? ಅರಿಸ್ಟಾಟಲ್ ಇದನ್ನು ಬೆರಕೆ ಕೃತ್ಯವೆಂದು ಕರೆದ. ಆ ಗಳಿಗೆಯಲ್ಲಿ ಅವನೇ ಆರಿಸಿಕೊಂಡದ್ದು ನಿಜ. ಆದರೆ ಅಂಥ ಗಳಿಗೆಯನ್ನು ಅವನು ಆರಿಸಿಕೊಳ್ಳಲಿಲ್ಲವೆಂಬುದೂ ನಿಜ. ಮಳೆ ಬರುವ ಹೊತ್ತಿಗೆ ಸಂತೆಯಲ್ಲಿ ಟೊಮ್ಯಾಟೊ ಬುಟ್ಟಿಯನ್ನು ಕೇಳಿದ ಬೆಲೆಗೆ ಕೊಟ್ಟು ಎದ್ದ ಯಾವ ಚಿಲ್ಲರೆ ವ್ಯಾಪಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಹಾಬ್ಸ್ 1651ರಲ್ಲಿ ಅದೇ ಹಡಗನ್ನು ಹತ್ತಿದ, ಅದೇ ಸರಕನ್ನು ಎಸೆಸಿದ. ಆದರೆ ಅವನು ಕೊಟ್ಟ ತೀರ್ಪು ಬೇರೆ. ಹೆದರಿ ಎಸೆದರೂ ಇಚ್ಛೆಯಿಂದಲೇ ಎಸೆದಂತೆ. ಭಯಕ್ಕೂ ಸ್ವಾತಂತ್ರ್ಯಕ್ಕೂ ಜಗಳವಿಲ್ಲ ಎಂದ. ಕಳ್ಳನಿಗೆ ಹೆದರಿ ಹಣ ಕೊಡುತ್ತೇನೆಂದು ಮಾತು ಕೊಟ್ಟರೆ, ಬೇರೆ ಕಾಯಿದೆ ಅಡ್ಡ ಬರುವವರೆಗೆ, ಆ ಮಾತೂ ಕಟ್ಟುತ್ತದೆ ಎಂದ. ಅವನ ಕಾಲದಲ್ಲಿ ಅಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು ದೇಶ ರಕ್ತಮಯವಾಗಿತ್ತು. ಹೇಗಾದರೂ ಸರಿ ಒಂದು ಆಳ್ವಿಕೆ ನಿಲ್ಲಲಿ ಎಂಬ ಹಂಬಲ ಅವನದು. ಅದನ್ನು ನಾವು ಅರ್ಥ ಮಾಡಿಕೊಳ್ಳಬಹುದು. ಆದರೆ ಇವತ್ತು ಗಿರಣಿಯ ಆಫೀಸಿನಲ್ಲಿ "ಸಹಿ ನಿನ್ನದೇ ತಾನೆ?" ಎಂದು ಕೇಳುವ ಮ್ಯಾನೇಜರು, ಹಾಬ್ಸನ ಹೆಸರು ಕೇಳದೆಯೇ ಹಾಬ್ಸನ ಶಿಷ್ಯನಾಗಿದ್ದಾನೆ.

ಲಾಕ್ ಎಂಬುವನು ಇನ್ನೊಂದು ಹೆಜ್ಜೆ ಮುಂದೆ ಹೋದ. ಬಾಯಿಬಿಟ್ಟು ಒಪ್ಪದಿದ್ದರೂ ಒಪ್ಪಿಗೆಯಿರಬಹುದು. ಒಂದು ರಾಜ್ಯದ ಹೆದ್ದಾರಿಯಲ್ಲಿ ನಡೆದರೂ ಸಾಕು, ಆ ರಾಜ್ಯದ ಆಳ್ವಿಕೆಗೆ ಮೌನವಾಗಿ ಒಪ್ಪಿದಂತೆ ಎಂದ. ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರು, ಅವರ ಒಪ್ಪಿಗೆಯಿಲ್ಲದೆ ಯಾರೂ ಅವರನ್ನು ಆಳಕೂಡದು ಎಂದು ಬರೆದವನೂ ಇವನೇ. ಗುಲಾಮರ ವ್ಯಾಪಾರ ಮಾಡುತ್ತಿದ್ದ ಕಂಪೆನಿಯಲ್ಲಿ ಷೇರು ಇಟ್ಟುಕೊಂಡಿದ್ದವನೂ ಇವನೇ. ಆ ಹಡಗುಗಳ ತಳದಲ್ಲಿ ಸರಪಳಿಯಲ್ಲಿದ್ದವರ ಮೌನ ಯಾವ ಬಗೆಯ ಒಪ್ಪಿಗೆ ಎಂದು ಅವನನ್ನು ಕೇಳಲು ನಮಗೆ ಬಹಳ ಆಸೆ.

ಲಾಕನಿಗೆ ಉತ್ತರ ಕೊಟ್ಟವನು ಸ್ಕಾಟ್ಲೆಂಡಿನ ಹ್ಯೂಮ್, 1748ರಲ್ಲಿ. ಮತ್ತೆ ಹಡಗೇ! ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕಿದ್ದಾರೆ. ಎಚ್ಚರವಾದಾಗ ಸುತ್ತ ಸಮುದ್ರ. ಹಡಗಿನಿಂದ ಇಳಿಯದೆ ಕೂತಿದ್ದಾನಲ್ಲ, ಆದ್ದರಿಂದ ಕಪ್ತಾನನ ಆಳ್ವಿಕೆಗೆ ಒಪ್ಪಿದ್ದಾನೆ ಎಂದು ಹೇಳಬಹುದೇ? ಇಳಿಯುವುದೆಂದರೆ ನೀರಿಗೆ ಹಾರಿ ಸಾಯುವುದು. ಬೇರೆ ಭಾಷೆ ಬಾರದ, ಬೇರೆ ಊರಿನ ರೀತಿ ತಿಳಿಯದ, ಆ ದಿನದ ಕೂಲಿಯಲ್ಲಿ ಆ ದಿನ ಉಣ್ಣುವ ಬಡ ರೈತನೂ ಕುಶಲಕರ್ಮಿಯೂ ಇಷ್ಟವಿಲ್ಲದಿದ್ದರೆ ದೇಶ ಬಿಟ್ಟು ಹೋಗಬಹುದಿತ್ತು ಎನ್ನುವ ಮಾತೂ ಅಂಥದೇ ಎಂದು ಹ್ಯೂಮ್ ವಾದಿಸಿದ. ಈ ಹ್ಯೂಮ್ ಸಮಾಜವಾದಿಯಲ್ಲ. ಕರಿಯ ಜನರ ಬಗ್ಗೆ ಅವನು ಬರೆದ ಕೆಲವು ಮಾತುಗಳು ಕ್ಷಮಿಸತಕ್ಕವೂ ಅಲ್ಲ. ಆದರೂ ಹೇಳಬೇಕಾದದ್ದನ್ನು ಹೇಳಲೇಬೇಕು: ಹತ್ತಿಯ ಎಳೆ ತಲೆಯಲ್ಲಿಟ್ಟುಕೊಂಡು ನಮ್ಮ ಕಚೇರಿಗೆ ಬಂದವನ ಸಂಕಟ ಆ ಬರಹದಲ್ಲಿದೆ.

ಇದೆಲ್ಲ ದೂರದೇಶದ ಮಾತಾಯಿತು ಎನ್ನುವವರಿಗೆ ನಮ್ಮ ಮಲೆನಾಡಿನ ಮಾತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಏತಕ್ಕೆ? ಗೇಣಿ ಅಳೆಯುವ ಕೊಳಗದ ಗಾತ್ರಕ್ಕೆ. ಒಡೆಯನ ಕೊಳಗ ದೊಡ್ಡದು, ಅಂಗಡಿಯ ಕೊಳಗ ಚಿಕ್ಕದು. ನಿಮ್ಮ ಅಪ್ಪ ಅಜ್ಜಂದಿರು ಇದೇ ಕೊಳಗದಲ್ಲಿ ಅಳೆದು ಕೊಟ್ಟಿದ್ದಾರೆ, ಯಾರೂ ತಕರಾರು ಮಾಡಿಲ್ಲ ಎಂಬುದು ಒಡೆಯರ ವಾದ. ಇದು ಲಾಕನ ಮೌನ ಒಪ್ಪಿಗೆಯ ಮಲೆನಾಡಿನ ಅವತಾರ. ಭೂಮಿ ಬಿಟ್ಟರೆ ಕಾಡು, ಒಕ್ಕಲೆದ್ದರೆ ಹೊಟ್ಟೆಗಿಲ್ಲ. ಅಂಥವನ ಮೌನವನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿದಿದ್ದರು. ಆ ರೈತರು ಹ್ಯೂಮನನ್ನು ಓದಿರಲಿಲ್ಲ. ಆದರೆ ಕೊಳಗವನ್ನು ಎತ್ತಿ ತೋರಿಸಿ ಇದು ನ್ಯಾಯವೇ ಎಂದು ಕೇಳಿದ ಆ ಕ್ಷಣದಲ್ಲಿ ಅವರು ಮಾಡಿದ್ದು ತತ್ವವಿಚಾರವೇ. ಲೋಹಿಯಾ ಅವರು ಅಲ್ಲಿಗೆ ಬಂದು ದಸ್ತಗಿರಿಯಾದರು, ಶಾಂತವೇರಿ ಗೋಪಾಲಗೌಡರು ಅಲ್ಲಿಂದ ರಾಜ್ಯಕ್ಕೆ ಪರಿಚಿತರಾದರು. ಉಳುವವನಿಗೆ ಹೊಲ ಕೊಡುವ ತಿದ್ದುಪಡಿ 1974ರಲ್ಲಿ ಬಂತು. ನಡುವೆ ಇಪ್ಪತ್ತಮೂರು ವರ್ಷ.

ಅಂಗಡಿಯವರು ಇದು ಕೂಲಿಗಾರರ ಮಾತೆಂದು ಪಕ್ಕಕ್ಕಿಡಬಾರದು. ಅಂಗಡಿಯ ಮುಂದೆ ಅಂಟಿಸಿಕೊಂಡ ಚೌಕುಳಿ ಚೀಟಿಯನ್ನೇ ನೋಡಿರಿ. ಗಿರಾಕಿ ಫೋನು ಹಿಡಿದು ಹಣ ಹಾಕುತ್ತಾನೆ, ಪೆಟ್ಟಿಗೆ ಕೂಗಿ ಹೇಳುತ್ತದೆ. ಅದನ್ನು ಹಾಕಿಸಿಕೊಂಡ ದಿನ ಫೋನಿನಲ್ಲಿ ಹತ್ತಾರು ಪುಟ ಇಂಗ್ಲೀಷು ಓಡಿತು, ಕೊನೆಯಲ್ಲಿ ಒಂದು ಗುಂಡಿ, ಅದನ್ನು ಒತ್ತಿದ್ದಾಯಿತು. ಓದಿದವರು ಯಾರು? 2025ರ ಜುಲೈಯಲ್ಲಿ ಈ ಹಣದ ಲೆಕ್ಕವನ್ನೇ ಹಿಡಿದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿಯವರಿಗೂ ಹಾಲು, ತರಕಾರಿಯವರಿಗೂ ನೋಟೀಸು ಕಳಿಸಿದಾಗ, ಎಷ್ಟೋ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಬೋರ್ಡು ಎದ್ದಿತು. ತೆರಿಗೆ ಕೊಡಬೇಡಿರೆಂದು ನಾವು ಹೇಳುವವರಲ್ಲ. ತೆರಿಗೆಯಿಲ್ಲದೆ ಸರಕಾರಿ ಆಸ್ಪತ್ರೆಯೂ ಇಲ್ಲ, ಶಾಲೆಯೂ ಇಲ್ಲ. ಆದರೆ ಹೆದ್ದಾರಿಯಲ್ಲಿ ನಡೆದದ್ದಕ್ಕೇ ಎಲ್ಲಕ್ಕೂ ಒಪ್ಪಿದಂತಾಯಿತು ಎಂಬ ವಾದ ಅಲ್ಲಿಯೂ ಇತ್ತು. ಆ ಚೀಟಿಯಿಲ್ಲದೆ ಇವತ್ತು ಅಂಗಡಿ ನಡೆಯುತ್ತದೆಯೇ? ಬೇರೆ ಹೆದ್ದಾರಿ ಎಲ್ಲಿದೆ? ಅಂಗಡಿಯವನೂ ಹ್ಯೂಮನ ಹಡಗಿನಲ್ಲಿಯೇ ಎಚ್ಚರಗೊಂಡವನು.

ಇಷ್ಟು ಓದಿದ ಮೇಲೆ ನಮ್ಮ ಸಂಗಾತಿಗಳಲ್ಲಿಯೇ ಕೆಲವರು, "ಇದರಿಂದ ಕೂಲಿ ಎಷ್ಟು ಏರುತ್ತದೆ?" ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಲು ಬೇರೆ ಬೇರೆ ಪ್ರಾಂತಗಳಿಂದ ಕೂಲಿಗಳನ್ನು ತಂದಿದ್ದರು. ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ 1 ರೂಪಾಯಿಯನ್ನು ಜಮಾದಾರರು ಮುರಿದುಕೊಳ್ಳುತ್ತಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅವರು ಕೆಲಸಕ್ಕೆ ತಾವಾಗಿಯೇ ಬಂದವರು, ಯಾರೂ ಕೋವಿ ತೋರಿಸಿರಲಿಲ್ಲ. ಆದರೂ ನ್ಯಾಯಮೂರ್ತಿ ಭಗವತಿಯವರ ಪೀಠ ಹೇಳಿದ್ದೇನು? ಹಸಿವು ಮತ್ತು ಬಡತನದ ಒತ್ತಾಯವೂ ಒತ್ತಾಯವೇ. ಬೇರೆ ದಾರಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಯುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆ. ಹಾಬ್ಸ್ ಸೋತು ಹ್ಯೂಮ್ ಗೆದ್ದ ದಿನ ಅದು. ಈ ತೀರ್ಪು ಆಕಾಶದಿಂದ ಬಿದ್ದದ್ದಲ್ಲ. ಒಪ್ಪಿಗೆಯೆಂದರೆ ಏನು, ಬಲವಂತವೆಂದರೆ ಏನು ಎಂದು ತಲೆಮಾರುಗಳಿಂದ ಯಾರೋ ಎಲ್ಲೋ ತಲೆ ಕೆಡಿಸಿಕೊಂಡಿದ್ದರಿಂದ ಆ ಮಾತು ನ್ಯಾಯಾಧೀಶರ ಬಾಯಿಗೆ ಸಿದ್ಧವಾಗಿ ಒದಗಿತು. 1872ರ ಕರಾರು ಕಾಯಿದೆಯೇ, ಇನ್ನೊಬ್ಬನ ಇಚ್ಛೆಯನ್ನು ಆಳುವ ಸ್ಥಾನದಲ್ಲಿರುವವನು ಆ ಸ್ಥಾನದ ಬಲದಿಂದ ಅನ್ಯಾಯದ ಲಾಭ ಪಡೆದರೆ ಆ ಒಪ್ಪಿಗೆ ನಿಲ್ಲದು ಎನ್ನುತ್ತದೆ. ಅಷ್ಟೇಕೆ, ಬಲವಂತದಿಂದ ಬರೆಸಿಕೊಂಡದ್ದು ಬರೆಯದೆ ಇದ್ದಂತೆಯೇ ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ಇದೆ. 1927ರಲ್ಲಿ ಮಹಾಡಿನಲ್ಲಿ ಆ ಗ್ರಂಥವನ್ನು ಸುಟ್ಟವರ ಪಕ್ಷದವರೇ ನಾವು. ಆದರೆ ಮಾಲೀಕರಲ್ಲಿ ಅದನ್ನು ಪೂಜಿಸುವವರು ಕೆಲವರಿರುವುದರಿಂದ ಅವರ ಅವಗಾಹನೆಗೆ ತಂದಿದ್ದೇವೆ.

ಇನ್ನೊಂದು ಬಗೆಯ ಸಂಗಾತಿಗಳಿದ್ದಾರೆ. ತತ್ವಜ್ಞಾನಿಗಳು ಲೋಕವನ್ನು ವಿವರಿಸಿದರಷ್ಟೆ, ಬದಲಿಸುವುದು ನಮ್ಮ ಕೆಲಸ ಎಂದು ಮಾರ್ಕ್ಸ್ ಹೇಳಿಲ್ಲವೇ ಎಂದು ಅವರು ಸಭೆಯಲ್ಲಿ ಎದ್ದು ನಿಲ್ಲುತ್ತಾರೆ. ಹೇಳಿದ್ದು ಹೌದು, 1845ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಅದೇ ಮಾರ್ಕ್ಸ್ ಗ್ರೀಕ್ ತತ್ವಶಾಸ್ತ್ರದ ಮೇಲೆ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದಿದ್ದ. ಓದಿ ಮುಗಿಸಿದವನು ಓದು ಸಾಲದೆಂದ. ಓದದವರು ಆ ಮಾತನ್ನು ಎತ್ತಿಕೊಂಡು ಓದು ಬೇಡವೆನ್ನುವುದು ಬೇರೆ. ಅಂಬೇಡ್ಕರರು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಜಾನ್ ಡ್ಯೂಯಿ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರ ಪಾಠ ಕೇಳಿದರು. 1936ರಲ್ಲಿ ಜಾತಿವಿನಾಶದ ಕುರಿತು ಬರೆದ ಭಾಷಣದಲ್ಲಿ ಆ ಗುರುವಿನ ಋಣವನ್ನು ಹೆಸರಿಟ್ಟು ಒಪ್ಪಿಕೊಂಡರು. ಸರಕಾರ ಕೈ ಹಾಕದಿದ್ದರೆ ಜನರಿಗೆ ಸ್ವಾತಂತ್ರ್ಯ ಎಂದು ಧನಿಕರು ಹೇಳುವ ಕಡೆ, ಆ ಸ್ವಾತಂತ್ರ್ಯವು ಖಾಸಗಿ ಮಾಲೀಕನ ಸರ್ವಾಧಿಕಾರದ ಇನ್ನೊಂದು ಹೆಸರೆಂದು 1947ರಲ್ಲಿ ಅವರು ತೋರಿಸಿದರು. ತರಗತಿಯ ಕೋಣೆಯಿಂದ ಗಿರಣಿಯ ಬಾಗಿಲಿಗೆ ದಾರಿ ಇಲ್ಲವೆನ್ನುವವರು ಅದನ್ನೊಮ್ಮೆ ನೋಡಬೇಕು.

ತಪ್ಪು ಆ ಕಡೆಯೂ ಇದೆ, ಬಹುಶಃ ಅಲ್ಲಿಯೇ ಹೆಚ್ಚು. ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಗಾಡಿಯನ್ನು ತಾವೇ ಎಳೆದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಗುರುಭಕ್ತಿ ದೊಡ್ಡದು. ಉಳಿದ ದಿನಗಳಲ್ಲಿ ಆ ಕುದುರೆಗೆ ಹುಲ್ಲು ಹಾಕುತ್ತಿದ್ದವನು ಏನು ಯೋಚಿಸುತ್ತಿದ್ದನೆಂದು ಮಾತ್ರ ಯಾರೂ ಬರೆದಿಡಲಿಲ್ಲ. ಗೋಪಾಲ್ ಗುರು ಎಂಬ ವಿದ್ವಾಂಸರು 2002ರಲ್ಲಿ ಇದನ್ನೇ ಖಾರವಾಗಿ ಹೇಳಿದರು: ನಮ್ಮ ದೇಶದ ವಿದ್ಯೆಯಲ್ಲಿಯೂ ಜಾತಿಯಿದೆ, ಸಿದ್ಧಾಂತ ಕಟ್ಟುವುದು ಮೇಲಿನವರ ಪಾಲು, ಅನುಭವದ ವಿವರ ಒದಗಿಸುವುದು ಕೆಳಗಿನವರ ಪಾಲು. ಅವರೂ ತತ್ವಶಾಸ್ತ್ರದವರಾದ ಸುಂದರ್ ಸರುಕ್ಕೈ ಅವರೂ ಈ ಬಗ್ಗೆ ವಾದ ಮಾಡಿ 2012ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಅದು ಇಂಗ್ಲೀಷಿನಲ್ಲಿ ಬಂದ ಪುಸ್ತಕ. ಕೆಳಗಿನವರ ಅನುಭವದ ಬಗ್ಗೆ ನಡೆದ ವಾದವನ್ನು ಕೆಳಗಿನವರು ಓದಬೇಕಾದರೆ ಮೊದಲು ಆ ಭಾಷೆ ಕಲಿಯಬೇಕಾಯಿತು. ಇದು ಅವರಿಬ್ಬರ ತಪ್ಪೆನ್ನುವುದಕ್ಕಿಂತ ನಮ್ಮೆಲ್ಲರ ಅವಸ್ಥೆ.

ಕಾಲೇಜುಗಳಲ್ಲಿ ಹಾಬ್ಸ್, ಲಾಕ್ ಇವರನ್ನು ರಾಜ್ಯಶಾಸ್ತ್ರದ ಹುಡುಗರು ಇಂದಿಗೂ ಓದುತ್ತಾರೆ. ಸಾಮಾಜಿಕ ಒಪ್ಪಂದ ಸಿದ್ಧಾಂತ, ಹತ್ತು ಅಂಕದ ಪ್ರಶ್ನೆ. ಗೈಡು ನೋಡಿ ಕಂಠಪಾಠ ಮಾಡಿ, ಬರೆದು, ಮರೆತುಬಿಡುತ್ತಾರೆ. ಅದೇ ಹುಡುಗರಲ್ಲಿ ಕೆಲವರ ಅಪ್ಪಂದಿರು ಅದೇ ವಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದಿರುತ್ತಾರೆ. ಅಪ್ಪನ ಕಾಗದವನ್ನು ತರಗತಿಗೆ ತನ್ನಿ, ಅದರಲ್ಲಿ ಹಾಬ್ಸ್ ಎಲ್ಲಿದ್ದಾನೆ, ಹ್ಯೂಮ್ ಏನೆನ್ನುತ್ತಿದ್ದ, ನೋಡೋಣ ಎಂದು ಒಬ್ಬ ಮೇಷ್ಟರು ಹೇಳಿದ್ದರೆ! ತತ್ವಶಾಸ್ತ್ರವನ್ನೇ ಪಾಠ ಮಾಡುವ ಕಾಲೇಜುಗಳನ್ನು ಈಗ ಹುಡುಕಬೇಕಾಗಿದೆ. ವಿದ್ಯಾರ್ಥಿಗಳು ಬರುವುದಿಲ್ಲ, ಅದರಿಂದ ನೌಕರಿ ಸಿಗುವುದಿಲ್ಲ ಎಂದು ಕಾರಣ ಹೇಳುತ್ತಾರೆ. ಗಿರಣಿಯವರ ಮಕ್ಕಳಿಗೆ ಯಂತ್ರದ ಕಸುಬು ಸಾಕು, ಯೋಚನೆಯ ಕಸುಬು ಏಕೆ ಎಂಬ ಧ್ವನಿ ಅದರ ಹಿಂದಿದೆ. ಹನ್ನೆರಡನೆಯ ಶತಮಾನದಲ್ಲಿ ಈ ನಾಡಿನಲ್ಲಿ ಹಗ್ಗ ಹೊಸೆಯುವವನೂ ಬಟ್ಟೆ ಒಗೆಯುವವನೂ ದೋಣಿ ನಡೆಸುವವನೂ ಕಸುಬಿನ ಹೆಸರನ್ನು ತಮ್ಮ ಹೆಸರಿನ ಹಿಂದೆ ಹೊತ್ತುಕೊಂಡೇ ಬಸವಣ್ಣನವರೊಡನೆ ಕೂತು ವಾದ ಮಾಡಿದರು. ದಿನದ ಕಾಯಕಕ್ಕಿಂತ ಹೆಚ್ಚಿಗೆ ಅಕ್ಕಿ ತಂದ ಗಂಡನನ್ನು, ಅದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ತಿರುಗಿ ಕಳಿಸಿದ ಲಕ್ಕಮ್ಮನನ್ನು ಯಾವ ವಿಶ್ವವಿದ್ಯಾನಿಲಯವೂ ಪ್ರಾಧ್ಯಾಪಕಳನ್ನಾಗಿ ನೇಮಿಸಿರಲಿಲ್ಲ. ಎಷ್ಟು ಸಾಕು, ಯಾವುದು ಹೆಚ್ಚು ಎಂಬ ಅವಳ ಪ್ರಶ್ನೆಯನ್ನು ಲಾಭದ ಲೆಕ್ಕ ಬರೆಯುವವರು ಇವತ್ತಿಗೂ ಎತ್ತಿಕೊಳ್ಳುತ್ತಿಲ್ಲ.

ಆ ಕೆಲಸಗಾರನಿಗೆ ನಾವು ಆ ದಿನ ಕೊಡದ ಉತ್ತರವನ್ನು ಈಗ ಕೊಡುತ್ತೇವೆ. ಸಹಿ ನಿನ್ನದು, ತಮ್ಮಾ. ಒಪ್ಪಿಗೆ ನಿನ್ನದಲ್ಲ. ಹಾಕೆನೆಂದು ಹೇಳಿಯೂ ಮರುದಿನ ಅದೇ ಪಾಳಿಗೆ ಅದೇ ಯಂತ್ರದ ಮುಂದೆ ನಿಲ್ಲುವ ಧೈರ್ಯ ಇರುವವನು ಹಾಕಿದ್ದು ಮಾತ್ರ ಒಪ್ಪಿಗೆ. ಆ ಧೈರ್ಯ ಒಬ್ಬೊಬ್ಬರಿಗೆ ಬರುವಂಥದಲ್ಲ. ಒಬ್ಬನೇ ಹೋಗಿ ಹಾಕೆನೆಂದರೆ ಹ್ಯೂಮನ ಸಮುದ್ರ ಕಾದಿರುತ್ತದೆ. ಹಡಗಿನಲ್ಲಿರುವವರೆಲ್ಲ ಒಟ್ಟಿಗೆ ಎದ್ದು ನಿಂತರೆ ಕಪ್ತಾನನಿಗೂ ಹಡಗು ನಡೆಯಬೇಕು. ಆದ್ದರಿಂದ ಸಂಘದ ಮುಂದೆ ನಾವು ಇಡುವ ಬೇಡಿಕೆ ಇಷ್ಟು. ದಿನಾಂಕವಿಲ್ಲದ, ಗಂಟೆ ನಮೂದಿಸದ ಯಾವ ಕಾಗದಕ್ಕೂ ಯಾರೂ ಸಹಿ ಹಾಕಬಾರದು. ಒಪ್ಪಿಗೆಯನ್ನು ಒಬ್ಬೊಬ್ಬರನ್ನು ಆಫೀಸಿಗೆ ಕರೆದು ಕೇಳದೆ, ಸಂಘದ ಪ್ರತಿನಿಧಿಗಳ ಎದುರಿನಲ್ಲಿ ಕೇಳಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕು ಅದೇ ಕಾಗದದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ, ಕನ್ನಡದಲ್ಲಿ ಅಚ್ಚಾಗಿರಬೇಕು. ರಾತ್ರಿ ಪಾಳಿಗೆ ಹೆಂಗಸರ ಒಪ್ಪಿಗೆ ಕೇಳುವಾಗ, ಬೇಡವೆಂದವರ ಹಗಲು ಪಾಳಿ ಉಳಿಯುತ್ತದೆಂದು ಬರೆದು ಕೊಡಬೇಕು.

ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಪಕ್ಷದ ಕಚೇರಿಯಲ್ಲಿ ಈ ಒಪ್ಪಿಗೆ ಪತ್ರಗಳನ್ನು ಒಂದೊಂದಾಗಿ ಓದುವ ಸಭೆಯಿದೆ. ಸಹಿ ಹಾಕಿದವರು, ಹಾಕದವರು, ಗುಂಡಿ ಒತ್ತಿದ ಅಂಗಡಿಯವರು ತಮ್ಮ ತಮ್ಮ ಕಾಗದಗಳೊಂದಿಗೆ, ಫೋನುಗಳೊಂದಿಗೆ ಬರಬೇಕು. ಹೆಸರು ಮಡಿಸಿ ತೋರಿಸಿದರೂ ಸಾಕು. ಊರಿನ ಕಾಲೇಜಿನ ಮೇಷ್ಟರುಗಳಿಗೂ ಆಮಂತ್ರಣ ಕಳಿಸಿದ್ದೇವೆ. ಅವರಲ್ಲಿ ಒಬ್ಬರು, ತಾನು ಕಲಿಸುವುದಕ್ಕೆ ಬರುವುದೋ ಕಲಿಯುವುದಕ್ಕೆ ಬರುವುದೋ ಎಂದು ಕೇಳಿ ಕಳಿಸಿದ್ದಾರೆ. ಹೇಗೆ ಬಂದರೂ ಕೂರಲು ಬೆಂಚಿದೆ, ಚಹಾ ಇದೆ ಎಂದು ಉತ್ತರ ಬರೆದಿದ್ದೇವೆ.